ಓದುಗರ ಪ್ರಶ್ನೆ: ನಮ್ಮೂರ ಕಾವಲು (ದನ ಮೇಯುವ ಹುಲ್ಲುಗಾವಲು) ಖಾಲಿ ಬಿದ್ದಿದೆ, ಯಾವ ಗಿಡ ನೆಡಬಹುದು?

ಜೂನ್ ಬಂತೆಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಚಿತ್ರದುರ್ಗ, ಹಾವೇರಿ, ತುಮಕೂರು, ಬಳ್ಳಾರಿ ಕಡೆಯವರದೇ ಹೆಚ್ಚು. ಪ್ರತಿ ಸಲದ ಉತ್ತರವೂ ಒಂದೇ: ಏನನ್ನೂ ನೆಡಬೇಡಿ. ಹೊಲದ ಬದುವಿನಲ್ಲಿ, ಶಾಲೆಯ ಅಂಗಳದಲ್ಲಿ, ರಸ್ತೆ ಬದಿಯಲ್ಲಿ ಎಷ್ಟು ಬೇಕಾದರೂ ನೆಡಿ. ಕಾವಲನ್ನು ಅದರ ಪಾಡಿಗೆ ಬಿಡಿ.

ಮರುಮಾತು ಏನು ಬರುತ್ತದೆಂದೂ ಗೊತ್ತು. "ಹಿಂದೆ ಇಲ್ಲೆಲ್ಲ ದಟ್ಟ ಕಾಡಿತ್ತಂತೆ ಸಾರ್, ಕಡಿದು ಕಡಿದು ಬಯಲಾಯಿತು." ಕೆಲವೆಡೆ ಮರ ಕಡಿದದ್ದು ನಿಜ. ಆದರೆ ಬಯಲುಸೀಮೆಯ ಹುಲ್ಲುಗಾವಲೆಲ್ಲ ಹಾಳಾದ ಕಾಡು ಎನ್ನುವುದು ಶುದ್ಧ ಸುಳ್ಳು. ವರ್ಷಕ್ಕೆ 500–600 ಮಿಲಿಮೀಟರ್ ಮಳೆ, ಅದೂ ಕೆಲವೇ ತಿಂಗಳಲ್ಲಿ. ಮೇಲೆ ತೆಳ್ಳನೆಯ ಮಣ್ಣು, ಕೆಳಗೆ ಕಲ್ಲು. ಇಂಥ ನೆಲದಲ್ಲಿ ಹುಲ್ಲು, ನಡುನಡುವೆ ಕುರುಚಲು ಬೆಳೆಯುವುದೇ ಸಹಜ. ಉಪಖಂಡದ ಉತ್ತರದಲ್ಲಿ ಹುಲ್ಲುಗಾವಲು ಹಬ್ಬಿದ್ದು ಸುಮಾರು 70–80 ಲಕ್ಷ ವರ್ಷಗಳ ಹಿಂದೆ. ಶಿವಾಲಿಕ್ ಬೆಟ್ಟಸಾಲಿನ ಹಳೆಯ ಮಣ್ಣಿನ ಪದರಗಳಲ್ಲಿ ಆ ಹುಲ್ಲಿನ ಇಂಗಾಲದ ಗುರುತು ಇನ್ನೂ ಉಳಿದಿದೆ. ಕೊಡಲಿ ಹಿಡಿಯಲು ಆಗ ಮನುಷ್ಯನೇ ಇರಲಿಲ್ಲ.

ಅದನ್ನು ನಂಬದಿದ್ದರೆ ಅಲ್ಲಿನ ಜೀವಿಗಳನ್ನು ನೋಡಿ. ಕೃಷ್ಣಮೃಗ ಬದುಕುವುದು ಕಣ್ಣು ಮತ್ತು ಕಾಲಿನ ಬಲದಿಂದ. ತೋಳವನ್ನು ದೂರದಿಂದಲೇ ಕಂಡು ಓಟ ಕೀಳಬೇಕು, ಅದಕ್ಕೆ ಬಯಲೇ ಬೇಕು. ಎರ್ಲಡ್ಡು ಹಕ್ಕಿ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಗೂಡು ಕಟ್ಟುವುದಿಲ್ಲ. ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಪಕ್ಕದಲ್ಲಿ ಮರಗಳೆದ್ದರೆ, ಆ ಮೊಟ್ಟೆಗೆ ಹೊಂಚುಹಾಕುವ ಕಾಗೆಗೆ ಕೂರಲು ಜಾಗವಾಯಿತು.

ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಾಯಿತು. ಅದರ ಬಹುಭಾಗದಲ್ಲಿ ನೀಲಗಿರಿ ನೆಡುತೋಪು. ಅಲ್ಲಿದ್ದ ಎರ್ಲಡ್ಡು ಮರೆಯಾಯಿತು. ಈಗ ರಾಜ್ಯದಲ್ಲಿ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಉಳಿದಿವೆ. ನೀರಿನ ಲೆಕ್ಕವೂ ಬೇಕೆ? ಹೊಸಕೋಟೆಯಲ್ಲಿ 1990ರ ದಶಕದಲ್ಲಿ ಅಳೆದು ನೋಡಿದಾಗ, ಆಳವಾದ ಮಣ್ಣಿನಲ್ಲಿದ್ದ ನೀಲಗಿರಿ ಬಿದ್ದ ಮಳೆಗಿಂತ ಹೆಚ್ಚು ನೀರು ಕುಡಿದಿತ್ತು. 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದನ್ನೇ ನಿಷೇಧಿಸಿತು.

ಇಷ್ಟು ಓದಿದವರು ಮುಂದಿನದನ್ನು ಕೇಳಬೇಕಿತ್ತು, ಯಾರೂ ಕೇಳುವುದಿಲ್ಲ: ಬಯಲನ್ನು ಮುಚ್ಚಿಬಿಡುವ ಮುಳ್ಳುಮರ ಬಳ್ಳಾರಿ ಜಾಲಿ, ಯಾರೂ ನೆಡದಿದ್ದರೂ ಕಾವಲೊಳಗೆ ಹೇಗೆ ಬರುತ್ತದೆ? ಅದರ ಕಾಯಿ ಸಿಹಿ. ದನ, ಕುರಿ, ಮೇಕೆ ತಿನ್ನುತ್ತವೆ. ಗಟ್ಟಿ ಬೀಜ ಸಗಣಿಯಲ್ಲಿ, ಹಿಕ್ಕೆಯಲ್ಲಿ ಹೊರಬೀಳುತ್ತದೆ. ಕೃಷ್ಣಮೃಗವೂ ಇದರಲ್ಲಿ ಪಾಲುದಾರ. ಗುಜರಾತಿನ ವೇಳಾವದರದಲ್ಲಿ ಸಂಶೋಧಕರು ಇದನ್ನು ಹತ್ತಿರದಿಂದ ನೋಡಿದ್ದಾರೆ. ಬೆದೆಗಾಲದಲ್ಲಿ ಗಂಡುಗಳು ಪಕ್ಕಪಕ್ಕದಲ್ಲೇ ಒಂದೊಂದು ತುಂಡು ನೆಲ ಹಿಡಿದು ನಿಲ್ಲುತ್ತವೆ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತವೆ. ಜಾಲಿಬೀಜ ಅಲ್ಲೇ ಗುಡ್ಡೆಬೀಳುತ್ತದೆ, ಅದೂ ಬಯಲಿನ ನಟ್ಟನಡುವೆ. ತನಗೆ ಬೇಕಾದ ಬಯಲಿನಲ್ಲಿ ಮುಳ್ಳನ್ನು ತಾನೇ ಬಿತ್ತುವ ಪ್ರಾಣಿ!

ಹಾಗಾಗಿ ಊರವರೆಲ್ಲ ಸೇರಿ ಏನಾದರೂ ಮಾಡಲೇಬೇಕೆಂದಿದ್ದರೆ, ಮೊದಲ ಮಳೆ ಬಿದ್ದು ನೆಲ ಮೆತ್ತಗಾದಾಗ ಹಿಕ್ಕೆಯ ಗುಡ್ಡೆಗಳ ಸುತ್ತ ಹುಡುಕಿ ಜಾಲಿಯ ಸಸಿಗಳನ್ನು ಬೇರುಸಹಿತ ಕೀಳಿ. ಕತ್ತರಿಸಿದರೆ ಸಾಲದು, ಬುಡದಿಂದ ಮತ್ತೆ ಚಿಗುರುತ್ತದೆ.