ಹಳೇ ಲಾರಿಗೆ ಎಲ್‌ಇಡಿ ಟೈಲ್ ಲೈಟ್: ಮೊದಲು ಅರ್ತ್, ಆಮೇಲೆ ದೀಪ

ಹಳೇ ಲಾರಿ ಇಟ್ಟುಕೊಂಡವರು ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಹಿಂದಿನ ಬಲ್ಬ್ ಕಿತ್ತು ಎಲ್‌ಇಡಿ ಹಾಕಿದ್ರೆ ಆಯ್ತಲ್ವಾ?’ ಹಾಕಿ, ಖಂಡಿತ ಹಾಕಿ. ಆದರೆ ದೀಪ ಕೊಳ್ಳುವ ಮುಂಚೆ ಅದಕ್ಕೆ ಹೋಗುವ ವೈರನ್ನೂ ಅರ್ತನ್ನೂ (ಕರೆಂಟ್ ಚಾಸಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಒಮ್ಮೆ ನೋಡಿ. ವೈರಿಂಗ್ ಕೆಟ್ಟಿರುವ ಲಾರಿಗೆ ಎಷ್ಟು ಒಳ್ಳೆ ಎಲ್‌ಇಡಿ ಹಾಕಿದರೂ ತಾಪತ್ರಯ ಕಡಿಮೆ ಆಗುವುದಿಲ್ಲ, ಜಾಸ್ತಿಯೇ ಆಗುತ್ತದೆ.

ಬದಲಾಯಿಸುವುದಕ್ಕೆ ಬಲವಾದ ಕಾರಣವೇ ಇದೆ. ಬಲ್ಬಿನ ತಂತಿ ಕಾದು ಪೂರ್ತಿ ಬೆಳಗುವುದಕ್ಕೆ ಸುಮಾರು 0.2 ಸೆಕೆಂಡ್ ಹಿಡಿಯುತ್ತದೆ. ಎಲ್‌ಇಡಿ ಕರೆಂಟ್ ಬಂದ ಕೂಡಲೇ ಹೊತ್ತಿಕೊಳ್ಳುತ್ತದೆ. ಹಿಂದಿನ ಗಾಡಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ ಆ 0.2 ಸೆಕೆಂಡಿನಲ್ಲಿ ನಾಲ್ಕು ಮೀಟರ್‌ಗಿಂತ ಜಾಸ್ತಿ ಮುಂದೆ ಬಂದಿರುತ್ತದೆ. ಬ್ರೇಕ್ ಹಾಕುವ ಹೊತ್ತಿನಲ್ಲಿ ನಾಲ್ಕು ಮೀಟರ್ ಸಣ್ಣದಲ್ಲ.

ಇನ್ನೊಂದು ಕಾರಣ ಅದುರಾಟ. ಹಿಂದಿನ ಬಲ್ಬಿನ ಒಳಗೆ ಸಾಮಾನ್ಯವಾಗಿ ಎರಡು ತಂತಿ ಇರುತ್ತವೆ. 5 ವ್ಯಾಟಿನದು ಟೈಲ್ ಲೈಟಿಗೆ, 21 ವ್ಯಾಟಿನದು ಬ್ರೇಕಿಗೆ. ಖಾಲಿ ಲಾರಿ ಹಳ್ಳಕೊಳ್ಳದಲ್ಲಿ ಕುಣಿಯುವಾಗ ಇವು ಕಡಿದುಹೋಗುತ್ತವೆ. ಬ್ರೇಕಿನ ತಂತಿ ಮಾತ್ರ ಕಡಿದರೆ ಟೈಲ್ ಲೈಟ್ ಎಂದಿನಂತೆ ಉರಿಯುತ್ತಲೇ ಇರುತ್ತದೆ. ರಾತ್ರಿ ಹಿಂದೆ ಹೋಗಿ ನೋಡಿದರೂ ದೀಪ ಸರಿ ಇದೆ ಅಂತಲೇ ಅನ್ನಿಸುತ್ತದೆ. ಯಾರಾದರೂ ಪೆಡಲ್ ತುಳಿದು ತೋರಿಸುವವರೆಗೂ ಗೊತ್ತೇ ಆಗುವುದಿಲ್ಲ. ಎಲ್‌ಇಡಿಯಲ್ಲಿ ಕಡಿಯುವ ತಂತಿಯೇ ಇಲ್ಲ.

ಈಗ ಅರ್ತಿನ ವಿಷಯ. ಹಳೇ ಗಾಡಿಗಳಲ್ಲಿ ದೀಪದ ಅರ್ತ್ ಅಂದರೆ ಹೆಚ್ಚಾಗಿ ದೀಪವನ್ನು ಹಿಡಿದಿರುವ ಬೋಲ್ಟೇ. ಅದರ ಕೆಳಗೆ ತುಕ್ಕು, ಮೇಲೆ ಎರಡು ಸಲ ಹೊಡೆದ ಪೇಂಟ್, ಸುತ್ತ ಕೆಸರು. ಅಲ್ಲಿ ಕರೆಂಟಿಗೆ ವಾಪಸ್ ಹೋಗಲು ಸಲೀಸಾದ ದಾರಿ ಸಿಗದಿದ್ದರೆ ಅದು ಪಕ್ಕದ ದೀಪದ ಮೂಲಕ ನುಸುಳುತ್ತದೆ. ಬ್ರೇಕ್ ತುಳಿದಾಗ ಇಂಡಿಕೇಟರ್ ಮಂಕಾಗಿ ಉರಿಯುವುದು, ಇಂಡಿಕೇಟರ್ ಹಾಕಿದಾಗ ಟೈಲ್ ಲೈಟ್ ಮಿಣಮಿಣ ಅನ್ನುವುದು ಇದರಿಂದಲೇ. ಬಲ್ಬ್ ಇದ್ದಾಗ ಈ ಕಳ್ಳದಾರಿಯಲ್ಲಿ ಹೇಗೋ ಕೆಲಸ ಸಾಗುತ್ತಿರುತ್ತದೆ. ಎಲ್‌ಇಡಿ ಒಂದೇ ದಿಕ್ಕಿನಲ್ಲಿ ಕರೆಂಟ್ ಬಿಡುತ್ತದೆ, ಸ್ವಲ್ಪವೇ ಕರೆಂಟ್ ಸಿಕ್ಕರೂ ಬೆಳಗುತ್ತದೆ. ಹಾಗಾಗಿ ಒಂದು ದೀಪ ಪೂರ್ತಿ ಸತ್ತಿರುತ್ತದೆ, ಇನ್ನೊಂದು ಸ್ವಿಚ್ ಆಫ್ ಮಾಡಿದರೂ ಆರುವುದಿಲ್ಲ. ಜನ ಎಲ್‌ಇಡಿಯೇ ಡೂಪ್ಲಿಕೇಟ್ ಅಂತ ವಾಪಸ್ ಕೊಡಲು ಓಡುತ್ತಾರೆ.

ಪರೀಕ್ಷೆ ಸುಲಭ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ ಹಿಡಿಯಿರಿ, ಉದ್ದ ಸಾಲದಿದ್ದರೆ ಒಂದು ವೈರ್ ಸೇರಿಸಿಕೊಳ್ಳಿ. ಕೆಂಪು ಕಡ್ಡಿಯನ್ನು ದೀಪದ ಹೋಲ್ಡರಿನ ಲೋಹಕ್ಕೆ ತಾಗಿಸಿ. ಹಳೇ ಬಲ್ಬ್‌ಗಳು ಇರುವಾಗಲೇ ಇದನ್ನು ಮಾಡಬೇಕು, ಟೈಲ್ ಲೈಟ್ ಆನ್ ಇರಬೇಕು, ಒಬ್ಬರು ಬ್ರೇಕ್ ತುಳಿದಿರಬೇಕು. ಕರೆಂಟ್ ಹರಿಯುತ್ತಿರುವಾಗ ಮಾತ್ರ ಕೆಟ್ಟ ಅರ್ತ್ ತನ್ನ ಗುಣ ತೋರಿಸುತ್ತದೆ. ಮೀಟರ್ ಸೊನ್ನೆಯ ಹತ್ತಿರ ನಿಂತರೆ ಸರಿ. ಅರ್ಧ ವೋಲ್ಟ್ ದಾಟಿದರೆ ಅಲ್ಲಿ ಕೆಲಸ ಇದೆ ಅಂತಲೇ ಲೆಕ್ಕ. ನಾನಂತೂ ಬೋಲ್ಟನ್ನು ನಂಬುವುದಿಲ್ಲ. ಪ್ರತಿ ದೀಪಕ್ಕೂ ಬೇರೆ ಅರ್ತ್ ವೈರ್ ಎಳೆದು, ಚಾಸಿಯ ಒಂದು ಜಾಗದಲ್ಲಿ ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿ, ಉಂಗುರದ ಟರ್ಮಿನಲ್ ಹಾಕಿ ಬಿಗಿಯುತ್ತೇನೆ. ಬಿಗಿದ ಮೇಲೆ ಗ್ರೀಸ್ ಹಚ್ಚುತ್ತೇನೆ. ಜೊತೆಗೆ ಬ್ಯಾಟರಿಯಿಂದ ಚಾಸಿಗೆ ಹೋಗುವ ದಪ್ಪ ಕೇಬಲನ್ನೂ ಬಿಚ್ಚಿ ತಿಕ್ಕಿ ಹಾಕುತ್ತೇನೆ.

ಇನ್ನು ಬಲ್ಬ್ ಮಾತ್ರ ಬದಲಾಯಿಸಬೇಕೋ, ಪೂರ್ತಿ ದೀಪವನ್ನೋ? ಪೂರ್ತಿ ದೀಪವನ್ನೇ ಬದಲಾಯಿಸಿ ಅನ್ನುತ್ತೇನೆ. ಹಳೇ ದೀಪದ ಒಳಗಿನ ರಿಫ್ಲೆಕ್ಟರ್ ಮತ್ತು ಗಾಜನ್ನು ತಂತಿ ಎಲ್ಲಿ ಉರಿಯುತ್ತದೋ ಆ ಜಾಗಕ್ಕೆ ಸರಿಯಾಗಿ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಬೇರೆ ಜಾಗದಿಂದ, ಬೇರೆ ದಿಕ್ಕಿಗೆ ಹೊರಡುತ್ತದೆ. ನಡುವೆ ಒಂದು ಚುಕ್ಕೆ ಕಣ್ಣು ಕುಕ್ಕುತ್ತದೆ, ಅಂಚೆಲ್ಲ ಕತ್ತಲು. ಅದಕ್ಕಿಂತ ಅಪಾಯದ್ದು ಇನ್ನೊಂದಿದೆ. ಕೆಲವು ಅಗ್ಗದ ಬಲ್ಬ್‌ಗಳಲ್ಲಿ ಟೈಲ್ ಲೈಟಿಗೂ ಬ್ರೇಕ್ ಲೈಟಿಗೂ ವ್ಯತ್ಯಾಸವೇ ಕಾಣುವುದಿಲ್ಲ. ರಾತ್ರಿ ಹಿಂದೆ ಬರುವವನಿಗೆ ನೀವು ಬ್ರೇಕ್ ಹಾಕಿದ್ದು ತಿಳಿಯದಿದ್ದರೆ ಬೆಳಕು ಎಷ್ಟಿದ್ದು ಏನು ಪ್ರಯೋಜನ? ಹಲವು ದೇಶಗಳಲ್ಲಿ ತಂತಿ ಬಲ್ಬಿಗೆಂದು ಒಪ್ಪಿಗೆ ಪಡೆದ ದೀಪದಲ್ಲಿ ಎಲ್‌ಇಡಿ ಬಲ್ಬ್ ಹಾಕಿದರೆ ಆ ಒಪ್ಪಿಗೆಯೂ ಉಳಿಯುವುದಿಲ್ಲ. ಪೂರ್ತಿ ದೀಪ ಕೊಳ್ಳುವಾಗ ಗಾಜಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘E’ ಅಕ್ಷರ, ಪಕ್ಕದಲ್ಲೊಂದು ಅಂಕಿ ಅಚ್ಚಾಗಿದೆಯೇ ನೋಡಿ. ಅದು ವಿಶ್ವಸಂಸ್ಥೆಯ ವಾಹನ ನಿಯಮಗಳ ಪ್ರಕಾರ ಸಿಕ್ಕ ಒಪ್ಪಿಗೆಯ ಗುರುತು. ಅಂಕಿ ಒಪ್ಪಿಗೆ ಕೊಟ್ಟ ದೇಶದ್ದು.

ಬಲ್ಬೇ ಹಾಕಬೇಕಾದ ಪರಿಸ್ಥಿತಿ ಇದ್ದರೆ, ಸ್ಥಳೀಯ ನಿಯಮ ಒಪ್ಪಿದರೆ, ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ ಹಾಕಿ. ಬಿಳಿ ಎಲ್‌ಇಡಿ ಮೂಲತಃ ನೀಲಿ, ಅದರ ಮೇಲೆ ಹಳದಿ ಲೇಪ. ಅದರ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ, ಉಳಿದದ್ದನ್ನು ಕೆಂಪು ಗಾಜು ತಡೆದುಬಿಡುತ್ತದೆ. ಒಂದು ಕಡೆ ಮಾತ್ರ ಜೋಪಾನ. ಕೆಲವು ದೀಪಗಳ ಕೆಳಗೆ ಬಿಳಿ ಕಿಟಕಿ ಇದ್ದು, ಅದೇ ಬಲ್ಬಿನ ಬೆಳಕು ನಂಬರ್ ಪ್ಲೇಟಿನ ಮೇಲೆ ಬೀಳುತ್ತದೆ. ಅಲ್ಲಿ ಕೆಂಪು ಹಾಕಿದರೆ ಪ್ಲೇಟೂ ಕೆಂಪಾಗುತ್ತದೆ. ಅಂಥ ಗಾಡಿಗೆ ನಂಬರ್ ಪ್ಲೇಟಿಗೇ ಬೇರೆ ಬಿಳಿ ದೀಪ ಕೊಡಬೇಕು.

ವೋಲ್ಟೇಜ್ ಬಗ್ಗೆ ಎರಡು ಮಾತು. ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಇಂಜಿನ್ ಓಡುವಾಗ ಅದು 28ರ ಆಸುಪಾಸು. 10ರಿಂದ 30 ವೋಲ್ಟ್ ಅಂತ ಬರೆದಿರುವ ದೀಪ 12 ವೋಲ್ಟ್, 24 ವೋಲ್ಟ್ ಎರಡಕ್ಕೂ ಆಗುತ್ತದೆ. ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹಳೆಯದಿದ್ದರೆ ರೇಸ್ ಕೊಟ್ಟು ಅಳೆಯಿರಿ. 30 ದಾಟುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ಇಲ್ಲದಿದ್ದರೆ ಹೊಸ ದೀಪ ಸುಮ್ನೆ ಸುಟ್ಟುಹೋಗುತ್ತದೆ.

ದೀಪ ಹಾಕಿ ಖುಷಿಯಾಗಿ ಇಂಡಿಕೇಟರ್ ಒತ್ತಿದಾಗ ಮುಂದಿನ ಸಮಸ್ಯೆ ಎದುರಾಗುತ್ತದೆ. ಇಂಡಿಕೇಟರನ್ನು ಮಿನುಗಿಸುವ ಪುಟ್ಟ ಡಬ್ಬಿಯೇ ಫ್ಲಾಷರ್. ಬಹಳ ಹಳೇ ಫ್ಲಾಷರ್ ಒಳಗೆ ಬಿಸಿಯಾದರೆ ಬಾಗುವ ಲೋಹದ ಪಟ್ಟಿ ಇರುತ್ತದೆ. ಬಲ್ಬ್ ಎಳೆಯುವ ಕರೆಂಟೇ ಅದನ್ನು ಕಾಯಿಸುವುದು. 24 ವೋಲ್ಟಿನಲ್ಲಿ 21 ವ್ಯಾಟಿನ ಬಲ್ಬ್ ಒಂದೊಂದೂ ಸುಮಾರು 0.9 ಆಂಪಿಯರ್ ಎಳೆಯುತ್ತದೆ. ಎಲ್‌ಇಡಿ ಎಳೆಯುವುದು ಅದರ ಒಂದು ಸಣ್ಣ ಪಾಲು. ಪಟ್ಟಿ ಕಾಯುವುದೇ ಇಲ್ಲ, ಇಂಡಿಕೇಟರ್ ಮಿನುಗುವುದೂ ಇಲ್ಲ. ಆಮೇಲಿನ ಎಲೆಕ್ಟ್ರಾನಿಕ್ ಫ್ಲಾಷರ್ ಆದರೆ ಬಲ್ಬ್ ಹೋಗಿದೆ ಅಂತ ತಿಳಿದು ಪಟಪಟ ಅಂತ ಓಡುತ್ತದೆ. ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು ಅನ್ನುವುದು ನಿಯಮ. ಇದಕ್ಕೆ ಕೆಲವರು ರೆಸಿಸ್ಟರ್ ಜೋಡಿಸಿಕೊಡುತ್ತಾರೆ. ಅದು ಬಲ್ಬಿನಷ್ಟೇ ಕರೆಂಟನ್ನು ಬಿಸಿಯಾಗಿ ಸುಡುತ್ತದೆ. ಹಜಾರ್ಡ್ ಹಾಕಿ ನಿಲ್ಲಿಸಿದರೆ ಕೈ ಸುಡುವಷ್ಟು ಕಾಯುತ್ತದೆ. ಅದನ್ನು ವೈರಿನ ಕಂತೆಗೆ ಟೇಪಿನಲ್ಲಿ ಸುತ್ತಿಟ್ಟಿದ್ದನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ತಳಮಳ. ಕಡಿಮೆ ಲೋಡಿನಲ್ಲೂ ನಡೆಯುವ ಎಲೆಕ್ಟ್ರಾನಿಕ್ ಫ್ಲಾಷರ್ ಹಾಕುವುದೇ ಸರಿಯಾದ ದಾರಿ.

ಆದರೂ ಎಡಕ್ಕೆ ಹಾಕಿದರೆ ನಾಲ್ಕೂ ಕಡೆ ಮಿನುಗಿದರೆ? ಡ್ಯಾಶ್‌ಬೋರ್ಡ್ ನೋಡಿ. ಎರಡೂ ಕಡೆಗೆ ಒಂದೇ ಹಸಿರು ದೀಪ ಇರುತ್ತದೆ. ಅದು ಎಡ ಬಲದ ವೈರ್‌ಗಳ ನಡುವೆ ಕೂತಿದೆ. ಎಡಕ್ಕೆ ಹಾಕಿದಾಗ ಬಲಗಡೆಯ ಬಲ್ಬ್‌ಗಳೇ ಅದಕ್ಕೆ ಅರ್ತ್ ಆಗಿದ್ದವು. ಈಗ ಅಲ್ಲಿ ಎಲ್‌ಇಡಿ ಬಂದಿದೆ, ಆ ಸಣ್ಣ ಕರೆಂಟಿಗೇ ಬೆಳಗಿಬಿಡುತ್ತದೆ. ಎರಡೂ ವೈರಿನಿಂದ ಒಂದೊಂದು ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಬಿಡಿಭಾಗ) ಮೂಲಕ ಹಸಿರು ದೀಪಕ್ಕೆ ಕೊಟ್ಟು, ಅದರ ಇನ್ನೊಂದು ತುದಿಯನ್ನು ನೇರ ಅರ್ತಿಗೆ ಹಾಕಿದರೆ ಮುಗಿಯಿತು.

ಜಾಯಿಂಟ್‌ಗಳನ್ನು ಸುಮ್ಮನೆ ತಿರುಚಿ ಟೇಪ್ ಸುತ್ತಬೇಡಿ. ಲೋಹದ ತುಣುಕಿನಲ್ಲಿ ಒತ್ತಿ ಕ್ರಿಂಪ್ ಮಾಡಿ, ಒಳಮೈಗೆ ಅಂಟು ಹಚ್ಚಿರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ. ಹೊಸ ದೀಪದಲ್ಲಿ ಬೇರೆ ಗಾಡಿಯ ಬೆಳಕು ಬಿದ್ದರೆ ಹೊಳೆಯುವ ಕೆಂಪು ರಿಫ್ಲೆಕ್ಟರ್ ಇಲ್ಲದಿದ್ದರೆ ಹಳೆಯದನ್ನು ಕಿತ್ತು ಎಸೆಯಬೇಡಿ. ಬ್ಯಾಟರಿ ಸತ್ತು ಲಾರಿ ರಸ್ತೆ ಬದಿಯಲ್ಲಿ ನಿಂತಾಗ ಅದೊಂದೇ ಕಾಣುವುದು. ಕೊನೆಗೆ ಇಂಜಿನ್ ಚಾಲೂ ಮಾಡಿ, ಟೈಲ್, ಬ್ರೇಕ್, ಇಂಡಿಕೇಟರ್ ಎಲ್ಲ ಒಟ್ಟಿಗೆ ಹಾಕಿಸಿ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಹಿಂದೆ ದೂರ ಹೋಗಿ ನಿಂತು ನೋಡಿ. ಬ್ರೇಕ್ ತುಳಿದದ್ದು ಬಿಟ್ಟದ್ದು ಅಲ್ಲಿಂದ ಬೇರೆಬೇರೆಯಾಗಿ ಕಂಡರೆ ಗಾಡಿ ರೋಡಿಗೆ ಬಿಡಬಹುದು.