ರೆಪ್ಪೆಯನ್ನು ಯಾರೂ ಕೆಳಗೆ ಎಳೆಯುವುದಿಲ್ಲ

ಹತ್ತನೇ ತರಗತಿ ರಿಸಲ್ಟ್ ಬಂದ ದಿನ. ಧಾರವಾಡದ ನಮ್ಮ ಓಣಿಯ ಹುಡುಗನೊಬ್ಬ ಕಟ್ಟೆ ಮೇಲೆ ನೆಲ ನೋಡುತ್ತ ಕೂತಿದ್ದ. "ಯಾಕೋ ತಮ್ಮಾ, ಮಾರಿ ಇಷ್ಟ್ ಸಣ್ಣದ್ ಮಾಡೀ? ಯಾರ್ದೋ ದೃಷ್ಟಿ ಆಗೇದ" ಎಂದು ಅವನ ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿ ಆಗಿದೆ ಅಂತ ಲೆಕ್ಕ. ಇಡೀ ಓಣಿ ಕೆಮ್ಮಿತು. ಅವರ ಲೆಕ್ಕದಲ್ಲೇ ದೃಷ್ಟಿ ಇರಲಿಲ್ಲ! ಹುಡುಗ ಫೇಲಾಗಿದ್ದು ಗಣಿತದಲ್ಲಿ.

ಹೀಗೆ ಕೂತವರನ್ನು ಇಂಗ್ಲಿಷಿನಲ್ಲಿ ಡೌನ್‌ಕಾಸ್ಟ್ ಅನ್ನುತ್ತಾರೆ. ಡೌನ್ ಅಂದರೆ ಕೆಳಗೆ, ಕಾಸ್ಟ್ ಅಂದರೆ ಎಸೆ. ತಗ್ಗಿದ ಕಣ್ಣಿಗೂ ಕುಗ್ಗಿದ ಮನಸ್ಸಿಗೂ ಅದೊಂದೇ ಶಬ್ದ. ಗಣಿಯವರ ಬಾಯಲ್ಲಿ ಮಾತ್ರ ಅದು ಹೊರಗಾಳಿ ಒಳಗಿಳಿಯುವ ಬಾವಿ. ನಾವು "ಮಾರಿ ಜೋತುಬಿತ್ತು" ಅನ್ನುತ್ತೇವೆ. ಎಸೆಯುವುದು ಬೇರೆ, ಬೀಳುವುದು ಬೇರೆ ಅಲ್ವಾ?

ಮೇಲಿನ ರೆಪ್ಪೆಯ ಮೇಲೆ ಬೆರಳನ್ನು ಮೆಲ್ಲಗೆ ಇಟ್ಟು ನೆಲ ನೋಡಿ. ಕಣ್ಣುಗುಡ್ಡೆಯ ಜೊತೆಗೆ ರೆಪ್ಪೆಯೂ ಇಳಿಯುತ್ತದೆ. ಅದನ್ನು ಯಾರೂ ಎಳೆದಿಲ್ಲ. ಎಚ್ಚರವಿದ್ದಷ್ಟು ಹೊತ್ತೂ ಒಂದು ತೆಳ್ಳನೆಯ ಸ್ನಾಯು ಅದನ್ನು ಎತ್ತಿ ಹಿಡಿದಿರುತ್ತದೆ, ಬಾವಿಯಲ್ಲಿ ಬಿಟ್ಟ ಕೊಡದ ಹಗ್ಗ ಹಿಡಿದ ಹಾಗೆ. ಹಗ್ಗ ಸಡಿಲಿಸಿದರೆ ಕೊಡ ತಾನೇ ಇಳಿಯುತ್ತದೆ. ಈ ಸ್ನಾಯುವಿನ ಕೆಳಗೇ ಗುಡ್ಡೆಯನ್ನು ಮೇಲೆತ್ತುವ ಸ್ನಾಯು ಇದೆ. ಎರಡಕ್ಕೂ ಬರುವುದು ಒಂದೇ ನರ. ಒಂದೇ ನೊಗದ ಜೋಡೆತ್ತು ಅನ್ನಿ: ಎಳೆದರೆ ಎರಡೂ ಎಳೆಯುತ್ತವೆ, ನಿಂತರೆ ಎರಡೂ ನಿಲ್ಲುತ್ತವೆ. ಕಣ್ಣು ಮಿಟುಕಿಸುವ ಸ್ನಾಯು ಬೇರೆಯೇ, ಅದಕ್ಕೆ ಇಲ್ಲಿ ಕೆಲಸವಿಲ್ಲ. ಆದರೆ ಗುಡ್ಡೆಯನ್ನು ಕೆಳಗಿನ ಸ್ನಾಯು ನಿಜವಾಗಿಯೂ ಎಳೆಯುತ್ತದೆ. ಅಂದರೆ ಗುಡ್ಡೆಯ ಮಟ್ಟಿಗೆ ಇಂಗ್ಲಿಷ್ ಸರಿ, ರೆಪ್ಪೆಯ ಮಟ್ಟಿಗೆ ನಮ್ಮ ಓಣಿ ಸರಿ.

ಡಾರ್ವಿನ್‌ಗೂ ಇದರ ಹುಚ್ಚಿತ್ತು. ಮನಸ್ಸು ಕುಗ್ಗಿದಾಗ ಬಾಯಿಯ ತುದಿ ಇಳಿಯುತ್ತದೆಯೇ, ಹುಬ್ಬಿನ ಒಳತುದಿ ಏಳುತ್ತದೆಯೇ ಎಂದು 1867ರಲ್ಲಿ ದೇಶದೇಶಗಳಿಗೆ ಪ್ರಶ್ನೆ ಕಳಿಸಿದ. ಕಲ್ಕತ್ತಾದ ಸಸ್ಯೋದ್ಯಾನದಿಂದಲೂ ಉತ್ತರ ಹೋಯಿತು. ದುಃಖದಲ್ಲಿ ತುಟಿ, ಕೆನ್ನೆ, ದವಡೆ ತಮ್ಮ ಭಾರಕ್ಕೆ ತಾವೇ ಜಗ್ಗುತ್ತವೆ ಎಂದು 1872ರ ಪುಸ್ತಕದಲ್ಲಿ ಬರೆದ. ಎಲ್ಲ ಇಳಿಯುವಾಗ ಹುಬ್ಬಿನ ಒಳತುದಿ ಮಾತ್ರ ಏರುತ್ತದೆ! ಕನ್ನಡಿ ಮುಂದೆ ಸುಮ್ನೆ ಮಾಡಿ ನೋಡಿ, ಬಹಳ ಜನರಿಗೆ ಬರುವುದಿಲ್ಲ.

ನಾನು ಬಗ್ಗಿ ಆ ಹುಡುಗನ ಹುಬ್ಬು ನೋಡಿದೆ. ಒಳತುದಿ ಏರಿತ್ತು. ಅಜ್ಜಿ ಇನ್ನೊಂದು ಹಿಡಿ ಉಪ್ಪು ತರಲು ಒಳಗೆ ಹೋದರು.