ಇಂಟರ್‌ಕೂಲರ್ ಇಲ್ಲದ ಟರ್ಬೊ ಡೀಸೆಲ್ ಗಾಡಿಗೆ ಅದನ್ನು ಕಟ್ಟಿಸುವುದು ಹೇಗೆ?

ಪ್ರಶ್ನೆ: ನಮ್ಮದು 2.5 ಲೀಟರ್ ಡೀಸೆಲ್ ಇಂಜಿನ್ನಿನ ಹಳೆಯ ಟೊಯೋಟಾ ಇನ್ನೋವಾ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಆಗಾಗ ಬೆಂಗಳೂರಿಗೆ ಹೋಗುತ್ತೇವೆ. ಏಳು ಜನ ಕೂತು ಎ.ಸಿ. ಹಾಕಿದರೆ ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಈ ಇಂಜಿನ್ನಿಗೆ ಇಂಟರ್‌ಕೂಲರ್ ಇಲ್ಲವೆಂದೂ, ಗುಜರಿಯಿಂದ ದೊಡ್ಡ ಗಾಡಿಯದೊಂದನ್ನು ತಂದು ಕೂರಿಸೋಣವೆಂದೂ ಮೆಕ್ಯಾನಿಕ್ ಹೇಳುತ್ತಾರೆ. ಹಾಗೆ ಮಾಡಬಹುದೇ, ಅಥವಾ ಹೊಸ ಕೋರ್ (ಇಂಟರ್‌ಕೂಲರಿನಲ್ಲಿ ಗಾಳಿ ತಣಿಯುವ ನಡುಭಾಗ) ತರಿಸಿ ನಮ್ಮ ಅಳತೆಗೆ ಕಟ್ಟಿಸುವುದು ಒಳ್ಳೆಯದೇ? ಎಷ್ಟು ದೊಡ್ಡದಿರಬೇಕು?

ಉತ್ತರ: ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗಿ 2005ರಿಂದ 2016ರವರೆಗೆ ಇಲ್ಲಿ ಮಾರಾಟವಾದ ಇನ್ನೋವಾದ 2494 ಸಿ.ಸಿ. ಡೀಸೆಲ್ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇತ್ತು, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇರಲಿಲ್ಲ. ಅದರ ಶಕ್ತಿ 102 ಅಶ್ವಶಕ್ತಿ, ಟಾರ್ಕ್ 200 ನ್ಯೂಟನ್ ಮೀಟರ್. ಇದೇ ಇಂಜಿನ್ನನ್ನು ಟೊಯೋಟಾ ಬೇರೆ ದೇಶಗಳಲ್ಲಿ ಇಂಟರ್‌ಕೂಲರ್ ಸಹಿತವಾಗಿಯೂ ಮಾರಿದೆ. ಆದ್ದರಿಂದ ಇಂಜಿನ್ನಿನ ಸ್ವಭಾವಕ್ಕೆ ಇದು ಹೊರಗಿನ ವಸ್ತುವೇನಲ್ಲ. ಆದರೆ ಗಾಡಿ ಎಳೆಯದಿರುವುದಕ್ಕೆ ಕಟ್ಟಿಕೊಂಡ ಇ.ಜಿ.ಆರ್. (ಹೊಗೆಯ ಒಂದಷ್ಟನ್ನು ಮರಳಿ ಇಂಜಿನ್ನಿಗೆ ಬಿಡುವ ಕವಾಟ), ಸವೆದ ಇಂಜೆಕ್ಟರ್, ಬಿರುಕು ಬಿಟ್ಟ ಟರ್ಬೊ ಹೋಸ್ ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಮೊದಲು ಅವನ್ನು ನೋಡಿಸಿ. ಸೋರುವ ಹೋಸಿನ ಮುಂದೆ ಎಂಥ ಇಂಟರ್‌ಕೂಲರ್ ಕೂರಿಸಿದರೂ ಪ್ರಯೋಜನವಿಲ್ಲ.

ದೊಡ್ಡದು ಬೇಕೋ ಚಿಕ್ಕದು ಸಾಕೋ ಎಂಬುದನ್ನು ಲೆಕ್ಕದಿಂದಲೇ ತೀರ್ಮಾನಿಸಬೇಕು. ಮಂಗಳೂರಿನಲ್ಲಿ ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದೆ, ಟರ್ಬೊ 1 ಬಾರ್ ಬೂಸ್ಟ್ (ವಾತಾವರಣಕ್ಕಿಂತ ಹೆಚ್ಚಿನ ಒತ್ತಡ) ಕೊಡುತ್ತಿದೆ ಎಂದಿಟ್ಟುಕೊಳ್ಳೋಣ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಟರ್ಬೊದ ಕಂಪ್ರೆಸರ್ ಶೇ. 70ರಷ್ಟು ದಕ್ಷವಾಗಿದ್ದರೆ ಅದರಿಂದ ಹೊರಬರುವ ಗಾಳಿ ಸುಮಾರು 125 ಡಿಗ್ರಿಯಲ್ಲಿರುತ್ತದೆ. ಈ ಏರಿಕೆಯ ಶೇ. 70ರಷ್ಟನ್ನು ತೆಗೆದುಹಾಕುವ ಇಂಟರ್‌ಕೂಲರ್ ನಡುವೆ ಇದ್ದರೆ ಅದೇ ಗಾಳಿ 60 ಡಿಗ್ರಿಗಿಂತ ಸ್ವಲ್ಪ ಕೆಳಗೆ ಇಳಿದು, ಸುಮಾರು ಶೇ. 20ರಷ್ಟು ಹೆಚ್ಚು ಸಾಂದ್ರವಾಗಿ ಸಿಲಿಂಡರನ್ನು ಸೇರುತ್ತದೆ. ಆದರೆ ಕೋರ್‌ನ ಕಿರಿದಾದ ದಾರಿಗಳಲ್ಲಿ ನುಗ್ಗುವಾಗ ಗಾಳಿ ಸ್ವಲ್ಪ ಒತ್ತಡವನ್ನು ಕಳೆದುಕೊಳ್ಳುತ್ತದೆ. ಆ ನಷ್ಟ 0.1 ಬಾರ್ ಆದರೆ ಗಳಿಸಿದ ಸಾಂದ್ರತೆಯಲ್ಲಿ ಕಾಲು ಭಾಗಕ್ಕೂ ಹೆಚ್ಚು ಅಲ್ಲಿಯೇ ಹೋಯಿತು. ಹೀಗಾಗಿ ಉಷ್ಣವನ್ನು ಎಷ್ಟು ಇಳಿಸುತ್ತದೆ, ಒತ್ತಡವನ್ನು ಎಷ್ಟು ತಿನ್ನುತ್ತದೆ ಎಂಬ ಎರಡನ್ನೂ ಒಟ್ಟಿಗೆ ನೋಡದೆ ಯಾವ ಇಂಟರ್‌ಕೂಲರನ್ನೂ ಒಳ್ಳೆಯದು ಕೆಟ್ಟದ್ದು ಎನ್ನಲಾಗದು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇಂಜಿನ್ನಿನ ಕಂಪ್ಯೂಟರ್ ಹಳೆಯ ಮ್ಯಾಪ್ (ಎಷ್ಟು ಡೀಸೆಲ್ ಕೊಡಬೇಕೆಂಬ ಕೋಷ್ಟಕ) ಪ್ರಕಾರವೇ ಡೀಸೆಲ್ ಅಳೆದು ಕೊಡುತ್ತಿರುವಾಗ, ಇಂಟರ್‌ಕೂಲರ್ ಒಂದರಿಂದಲೇ ಶಕ್ತಿ ಶೇ. 20ರಷ್ಟು ಏರುವುದಿಲ್ಲ. ನಿಮಗೆ ಸಿಗುವುದು ಕಡಿಮೆ ಕಪ್ಪು ಹೊಗೆ, ತಂಪಾದ ಎಕ್ಸಾಸ್ಟ್ ಮತ್ತು ಉದ್ದನೆಯ ಏರಿನಲ್ಲಿ ಇಂಜಿನ್ ಬಳಲದಿರುವುದು. ನನ್ನ ಅಭಿಪ್ರಾಯದಲ್ಲಿ ಏಳು ಜನರನ್ನು ಹೊತ್ತು ಘಾಟಿ ಹತ್ತುವ ಗಾಡಿಗೆ ಇದೇ ಬಹಳ ದೊಡ್ಡ ಲಾಭ.

ಈಗ ಕೋರ್‌ನ ವಿಷಯ. ಮಾರುಕಟ್ಟೆಯಲ್ಲಿ ಸಿಗುವ ಅಲ್ಯೂಮಿನಿಯಂ ಕೋರ್‌ಗಳು ಮುಖ್ಯವಾಗಿ ಎರಡು ಬಗೆಯವು. ಟ್ಯೂಬ್ ಅಂಡ್ ಫಿನ್ ಕೋರ್ ಹಗುರವಾಗಿದ್ದು ಹೊರಗಾಳಿಯನ್ನು ಸಲೀಸಾಗಿ ಹಾಯಲು ಬಿಡುತ್ತದೆ. ಬಾರ್ ಅಂಡ್ ಪ್ಲೇಟ್ ಕೋರ್ ಭಾರವಾದರೂ ಗಟ್ಟಿ, ಚಕ್ರದಿಂದ ಸಿಡಿಯುವ ಜಲ್ಲಿಗೆ ಬೇಗ ತೂತಾಗುವುದಿಲ್ಲ. ಅದಕ್ಕೆ ಟ್ಯಾಂಕ್ (ಪೈಪಿನಿಂದ ಬಂದ ಗಾಳಿಯನ್ನು ಟ್ಯೂಬುಗಳಿಗೆ ಹಂಚುವ ತುದಿಯ ಡಬ್ಬ) ವೆಲ್ಡ್ ಮಾಡುವುದೂ ಸುಲಭ. ಬಂಪರಿನ ಹಿಂದೆ ತಗ್ಗಿನಲ್ಲಿ ಕೂರಿಸುವುದಾದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಆನ್‌ಲೈನಿನಲ್ಲಿ ಕೊಳ್ಳುವಾಗ ಕೊಟ್ಟಿರುವ ಅಳತೆ ಕೋರ್‌ನದೋ ಎರಡೂ ಬದಿಯ ಟ್ಯಾಂಕ್ ಸೇರಿಸಿದ್ದೋ ಎಂದು ಕೇಳಿ ಖಚಿತಪಡಿಸಿಕೊಳ್ಳಿ, ಏಕೆಂದರೆ 600 ಮಿ.ಮೀ. ಎಂದು ಬರೆದದ್ದರಲ್ಲಿ ನಿಜವಾದ ಕೋರ್ 450 ಮಿ.ಮೀ. ಮಾತ್ರ ಇರಬಹುದು. ಅಂಗಡಿಯಲ್ಲಿ ಕೊಳ್ಳುವುದಾದರೆ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ಕಣ್ಣಿಟ್ಟು ನೋಡಿ. ಟ್ಯೂಬಿನೊಳಗೆ ಸಣ್ಣ ಅಲೆಯಂಥ ಒಳಫಿನ್‌ಗಳು ಒಂದಕ್ಕೊಂದು ಸರಿದು ನಿಂತಿದ್ದು ಬೆಳಕು ಚೂರುಚೂರಾಗಿ ಕಂಡರೆ ಆ ಕೋರ್ ಶಾಖವನ್ನು ಎಳೆಯುತ್ತದೆ. ಒಳಗೆ ಏನೂ ಇಲ್ಲದೆ ಬೆಳಕು ನೇರವಾಗಿ ಹೊಡೆದರೆ ಅದು ಹೊರನೋಟಕ್ಕಷ್ಟೇ ಇಂಟರ್‌ಕೂಲರ್.

ಗಾತ್ರದಲ್ಲಿ ದಪ್ಪಕ್ಕಿಂತ ಮುಖದ ವಿಸ್ತೀರ್ಣ ಮುಖ್ಯ. ದಪ್ಪ ಕೋರ್‌ನ ಹಿಂಭಾಗಕ್ಕೆ ತಲುಪುವ ಗಾಳಿ ಮುಂಭಾಗದಲ್ಲಿ ಆಗಲೇ ಬಿಸಿಯಾಗಿರುವುದರಿಂದ ಆ ಹೆಚ್ಚುವರಿ ದಪ್ಪ ಸ್ವಲ್ಪವೇ ಕೆಲಸ ಮಾಡುತ್ತದೆ, ಆದರೆ ಅದರ ಹಿಂದಿರುವ ಎ.ಸಿ. ಕಂಡೆನ್ಸರ್ ಮತ್ತು ರೇಡಿಯೇಟರಿಗೆ ಹೋಗುವ ಗಾಳಿಯನ್ನು ಇನ್ನಷ್ಟು ತಡೆಯುತ್ತದೆ. ಶಿರಾಡಿಯ ಏರಿನಲ್ಲಿ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಹತ್ತುವಾಗ ಮುಂದಿನಿಂದ ಬೀಸುವ ಗಾಳಿ ಇರುವುದೇ ಇಲ್ಲ, ಫ್ಯಾನ್ ಎಳೆದದ್ದಷ್ಟೇ ಗಾಳಿ; ಅಲ್ಲಿ ರೇಡಿಯೇಟರಿನ ಬಾಯಿ ಮುಚ್ಚಿದರೆ ಒಂದು ತೊಂದರೆ ಕಳೆಯಲು ಹೋಗಿ ಇಂಜಿನ್ ಬಿಸಿಯಾಗುವ ಇನ್ನೂ ದೊಡ್ಡ ತೊಂದರೆಯನ್ನು ತಂದುಕೊಂಡಂತಾಗುತ್ತದೆ. ಆದ್ದರಿಂದ ಬಂಪರಿನ ಕೆಳಗಿನ ಜಾಲರಿಯ ಹಿಂದೆ ಸಿಗುವ ಅಗಲವನ್ನೆಲ್ಲ ಬಳಸಿಕೊಂಡು, ದಪ್ಪವನ್ನು 50ರಿಂದ 65 ಮಿ.ಮೀ.ಗೆ ಸೀಮಿತಗೊಳಿಸುವುದು ನಿಮ್ಮ ಗಾಡಿಗೆ ಸರಿಹೋಗುತ್ತದೆ.

ಪೈಪಿನ ವಿಷಯದಲ್ಲಿ ಅನೇಕರು ಅನಗತ್ಯವಾಗಿ 3 ಇಂಚಿಗೆ ಹೋಗುತ್ತಾರೆ. ನಿಮ್ಮ ಇಂಜಿನ್ ನಿಮಿಷಕ್ಕೆ 3600 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 66 ಲೀಟರ್ ಒತ್ತಿದ ಗಾಳಿಯನ್ನು ಕುಡಿಯುತ್ತದೆ ಎಂದು ಹಿಡಿದರೆ, 50 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 34 ಮೀಟರ್ ಮಾತ್ರ. ಈ ವೇಗ 100 ಮೀಟರಿನ ಸಮೀಪಕ್ಕೆ ಬರುವವರೆಗೆ ಚಿಂತೆಯಿಲ್ಲ. ಹೀಗಾಗಿ 2 ಇಂಚಿನ ಪೈಪ್ ಧಾರಾಳವಾಗಿ ಸಾಕು. ಅದಕ್ಕಿಂತ ದಪ್ಪ ಪೈಪಿನಿಂದ ಬೂಸ್ಟ್ ತುಂಬಲು ತಡವಾಗುವುದೇ ಹೊರತು ಲಾಭವಿಲ್ಲ.

ಗುಜರಿ ಇಂಟರ್‌ಕೂಲರ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಸಿಗುವ ಕಂಪನಿಯ ಕೋರ್, ಹೆಸರಿಲ್ಲದ ಹೊಸ ಕೋರ್‌ಗಿಂತ ಎಷ್ಟೋ ಸಲ ಉತ್ತಮವಾಗಿರುತ್ತದೆ. ಆದರೆ ಬಹುಪಾಲು ಕಂಪನಿ ಇಂಟರ್‌ಕೂಲರ್‌ಗಳ ಟ್ಯಾಂಕ್ ಪ್ಲಾಸ್ಟಿಕ್ಕಿನದು, ರಬ್ಬರ್ ಸೀಲಿನ ಮೇಲೆ ಕೂರಿಸಿ ಅಂಚನ್ನು ಮಡಚಿ ಹಿಡಿಸಿದ್ದು. ಅದನ್ನು ನಿಮ್ಮ ಗಾಡಿಯ ದಿಕ್ಕಿಗೆ ತಿರುಗಿಸಲಾಗುವುದಿಲ್ಲ, ಕಿತ್ತು ಅಲ್ಯೂಮಿನಿಯಂ ಟ್ಯಾಂಕ್ ಕಟ್ಟಿಸಬೇಕು. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಟರ್ಬೊ ಒಡೆದ ಗಾಡಿಯಿಂದ ಬಿಚ್ಚಿದ ಇಂಟರ್‌ಕೂಲರಿನ ಒಳಫಿನ್‌ಗಳಲ್ಲಿ ಲೋಹದ ಚೂರುಗಳು ಎಣ್ಣೆಯೊಂದಿಗೆ ಅಂಟಿಕೊಂಡಿರುತ್ತವೆ, ಮತ್ತು ಅವು ಬಿಸಿಯಾದ ಮೇಲೆ ಒಂದೊಂದಾಗಿ ಸಡಿಲಗೊಂಡು ನಿಮ್ಮ ಸಿಲಿಂಡರಿಗೆ ಹೋಗುತ್ತವೆ. ತಳದಲ್ಲಿ ನಿಂತ ಎಣ್ಣೆಯೂ ಡೀಸೆಲ್ ಇಂಜಿನ್ನಿಗೆ ಇಂಧನವೇ ಆದ್ದರಿಂದ, ಅದು ಒಮ್ಮೆಗೇ ಒಳಗೆ ಎಳೆಯಲ್ಪಟ್ಟರೆ ಕೀ ತೆಗೆದರೂ ಇಂಜಿನ್ ನಿಲ್ಲದೆ ಓಡುತ್ತದೆ. ಸೀಮೆಎಣ್ಣೆಯಲ್ಲಿ ಹಲವು ಸಲ ನೆನೆಸಿ, ಅಲ್ಲಾಡಿಸಿ, ಸುರಿದ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿ. ಬಟ್ಟೆಯ ಮೇಲೆ ಒಂದೇ ಒಂದು ಮಿನುಗುವ ಚೂರು ಕಂಡರೂ ಆ ಕೋರನ್ನು ಕೈಬಿಡಿ.

ಟ್ಯಾಂಕನ್ನು 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆಯಲ್ಲಿ ಕಟ್ಟಿಸಿ. 10 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಟ್ಯಾಂಕಿನ ಒಂದು ಮುಖದ ಮೇಲೆ 1 ಬಾರ್ ಬೂಸ್ಟ್ ಹಾಕುವ ಬಲ ಸುಮಾರು 300 ಕಿಲೋಗ್ರಾಂ ಭಾರಕ್ಕೆ ಸಮ ಎಂಬುದನ್ನು ನೆನಪಿಡಿ. ಚಪ್ಪಟೆ ಮುಖಕ್ಕಿಂತ ಬಾಗಿದ ಮುಖ ಇದನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಪೈಪ್ ಸೇರುವ ಕಡೆ ಅಗಲವಾಗಿದ್ದು ದೂರದ ಟ್ಯೂಬುಗಳತ್ತ ಹೋದಂತೆ ಸಣ್ಣದಾಗುವ ಆಕಾರವಿದ್ದರೆ ಗಾಳಿ ಎಲ್ಲ ಟ್ಯೂಬುಗಳಿಗೂ ಹಂಚಿಕೆಯಾಗುತ್ತದೆ.

ವೆಲ್ಡಿಂಗ್ ಟಿಗ್ ಆಗಿರಬೇಕು, ಎ.ಸಿ. (ಆಲ್ಟರ್ನೇಟಿಂಗ್) ಕರೆಂಟಿನಲ್ಲಿ, ಆರ್ಗಾನ್ ಅನಿಲದಲ್ಲಿ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಈ ಕೆಲಸ ಬಲ್ಲವರು ಸಿಗುತ್ತಾರೆ, ಆದರೆ ಅವರು ಮೊದಲು ಕೋರ್ ಅನ್ನು ಅಸಿಟೋನಿನಿಂದ ಒರೆಸಿ ಸ್ಟೇನ್‌ಲೆಸ್ ಸ್ಟೀಲ್ ಬ್ರಷ್ಷಿನಿಂದ ಉಜ್ಜುತ್ತಾರೆಯೇ ಎಂದು ನೋಡಿ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗಿದರೆ ಅದರ ಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿಗಿಂತ ಹೆಚ್ಚು ಬೇಕು. ಉಜ್ಜದೆ ಬೆಸೆದ ಜೋಡಣೆ ಒಳಗೆ ಟೊಳ್ಳಾಗಿರುತ್ತದೆ. ಫಿಲ್ಲರ್ ರಾಡ್ 4043 ಆಗಿರಲಿ. 5356 ರಾಡ್ ಗಟ್ಟಿಯಾದರೂ ಸದಾ 65 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿರುವ ಜಾಗಕ್ಕೆ ತಕ್ಕುದಲ್ಲ, ಟರ್ಬೊ ಕಡೆಯ ಟ್ಯಾಂಕು ಅಂಥ ಜಾಗವೇ. ಕೋರ್‌ನ ಟ್ಯೂಬುಗಳನ್ನು ಹಿಡಿದಿರುವ ಬೆಸುಗೆ 600 ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ ಒಂದೇ ಉಸಿರಿನಲ್ಲಿ ಉದ್ದಕ್ಕೂ ವೆಲ್ಡ್ ಮಾಡದೆ, ಸ್ವಲ್ಪ ಸ್ವಲ್ಪವಾಗಿ ಜಾಗ ಬದಲಿಸಿ ಆರಲು ಬಿಡುತ್ತಾ ಮಾಡಬೇಕು.

ಕೆಲಸ ಮುಗಿದ ಮೇಲೆ ಪರೀಕ್ಷೆ ಇಲ್ಲದೆ ಗಾಡಿಗೆ ಹಾಕಿಸಬೇಡಿ. ಮೊದಲು ಒಳಗೆ ನೀರು ತುಂಬಿಸಿ, ಗಾಳಿ ಉಳಿಯದಂತೆ ನೋಡಿಕೊಂಡು, 2 ಬಾರ್ ಒತ್ತಡದಲ್ಲಿ ಬಲವನ್ನು ಪರೀಕ್ಷಿಸಿ. ಒತ್ತಿದ ಗಾಳಿಯಲ್ಲಿ ಮುಚ್ಚಳ ಕಿತ್ತರೆ ಅದು ಗುಂಡಿನಂತೆ ಹಾರುತ್ತದೆ, ನೀರಿನಲ್ಲಿ ಆ ಅಪಾಯ ಬಹಳ ಕಡಿಮೆ. ಆಮೇಲೆ ನೀರು ಚೆಲ್ಲಿ, ಅರ್ಧ ಬಾರ್ ಗಾಳಿ ಹಾಕಿ ತೊಟ್ಟಿಯಲ್ಲಿ ಮುಳುಗಿಸಿ. ವೆಲ್ಡಿಂಗ್ ಶುರುವಾದ ಮತ್ತು ನಿಂತ ಜಾಗಗಳಲ್ಲಿ, ಮೂಲೆಗಳಲ್ಲಿ, ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಏಳುವುದನ್ನು ತಾಳ್ಮೆಯಿಂದ ಹುಡುಕಬೇಕು.

ಹೋಸುಗಳು ಸಿಲಿಕಾನಿನದಾದರೆ ಸಾಲದು, ಒಳಗಡೆ ಫ್ಲೋರೋಸಿಲಿಕಾನ್ ಪದರ ಇರಬೇಕು. ಇಂಜಿನ್ನಿನಿಂದ ಬರುವ ಎಣ್ಣೆಯ ಆವಿ ಬರೀ ಸಿಲಿಕಾನನ್ನು ಮೆತ್ತಗಾಗಿಸುತ್ತದೆ. ಪೈಪಿನ ತುದಿಗೆ ಉಬ್ಬು ಅಂಚು ಮಾಡಿಸಿ ಟಿ-ಬೋಲ್ಟ್ ಕ್ಲ್ಯಾಂಪ್ ಹಾಕಿಸಿ.

ಕಾನೂನಿನ ಕಡೆಯೂ ಗಮನವಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡನ್ನು ನಿಯಂತ್ರಿಸುತ್ತದೆ, ಮತ್ತು 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಕೆಲಸಕ್ಕೆ ಕೈಹಾಕುವ ಮುನ್ನ ಆರ್.ಟಿ.ಒ. ಕಚೇರಿಯಲ್ಲಿ ಕೇಳಿ, ವಿಮೆ ಕಂಪನಿಗೂ ಲಿಖಿತವಾಗಿ ತಿಳಿಸಿ.

ಕೂರಿಸಿದ ಮೇಲೆ ಇಂಟರ್‌ಕೂಲರಿಗೆ ಗಾಳಿ ಬರುವ ಪೈಪಿನಲ್ಲಿ ಒಂದು, ಹೊರಹೋಗುವ ಪೈಪಿನಲ್ಲಿ ಒಂದು ಉಷ್ಣಮಾಪಕವನ್ನೂ ಒತ್ತಡದ ಗೇಜನ್ನೂ ಜೋಡಿಸಿ ಗುಂಡ್ಯದಿಂದ ಸಕಲೇಶಪುರದವರೆಗೆ ಹತ್ತಿಸಿ, ಪಕ್ಕದಲ್ಲಿ ಕೂತವರು ಅಂಕಿಗಳನ್ನು ಬರೆದುಕೊಳ್ಳಲಿ. ಪೂರ್ತಿ ಬೂಸ್ಟಿನಲ್ಲಿ ಒತ್ತಡದ ವ್ಯತ್ಯಾಸ 0.1 ಬಾರ್ ಮೀರಿದರೆ ಕೋರ್‌ನ ಒಳದಾರಿ ಕಿರಿದಾಗಿದೆ ಅಥವಾ ಟ್ಯಾಂಕಿನ ಆಕಾರ ಸರಿಯಿಲ್ಲ. ಒತ್ತಡ ಸರಿಯಿದ್ದೂ ಉಷ್ಣ ಇಳಿಯದಿದ್ದರೆ ಇನ್ನೂ ದೊಡ್ಡ ಕೋರ್ ಹುಡುಕುವ ಮೊದಲು ಬಂಪರಿನ ಹಿಂದೆ ಕೈಹಾಕಿ ನೋಡಿ. ಗಾಳಿ ಸುಲಭದ ದಾರಿಯನ್ನೇ ಹಿಡಿಯುವುದರಿಂದ, ಕೋರ್‌ನ ಸುತ್ತ ಎರಡು ಬೆರಳಷ್ಟು ಸಂದು ಇದ್ದರೂ ಅದು ಫಿನ್‌ಗಳ ನಡುವೆ ನುಗ್ಗದೆ ಪಕ್ಕದಿಂದಲೇ ಜಾರಿಹೋಗುತ್ತದೆ. ಆ ಸಂದುಗಳನ್ನು ತೆಳು ಅಲ್ಯೂಮಿನಿಯಂ ತಗಡು ಮತ್ತು ಫೋಮ್ ಪಟ್ಟಿಯಿಂದ ಮುಚ್ಚಿಸಿ, ಅದೇ ಏರನ್ನು ಮತ್ತೆ ಹತ್ತಿಸಿ, ಎರಡೂ ಸಲದ ಅಂಕಿಗಳನ್ನು ಹೋಲಿಸಿ ನೋಡಿ.